ಹದಿಮೂರು ದಿನದ ಬಾಡಿಗೆ

ನಮ್ಮ ಕಾಕಾನನ್ನು ಕಂಡರೆ ಇನ್‌ಕಮ್ ಟ್ಯಾಕ್ಸಿನವರೇ ದಾರಿ ಬದಲಿಸಬೇಕು! ನಗಬೇಡಿ, ತಿಳಿದವಳೇ ಹೇಳುತ್ತಿದ್ದೇನೆ. ಠಾಣೆ ಸ್ಟೇಷನ್ನಿನ ಹತ್ತಿರ ಒಂದು ಸಿ.ಎ. ಆಫೀಸಿನಲ್ಲಿ ಕುಳಿತು ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ರಿಟರ್ನು ತುಂಬುವುದೇ ನನ್ನ ಹೊಟ್ಟೆಪಾಡು. ನನ್ನ ಟೇಬಲ್ಲಿನ ಎದುರು ಕುಳಿತು ಜನ ಎಂಥೆಂಥ ಸುಳ್ಳುಗಳನ್ನು ಎಷ್ಟು ಸಾಧು ಮುಖ ಮಾಡಿಕೊಂಡು ಹೇಳುತ್ತಾರೆ ಎಂಬುದನ್ನು ಬರೆದರೆ ದೊಡ್ಡ ಪುಸ್ತಕವಾದೀತು. ಅದೇ ಟೇಬಲ್ಲಿಗೆ ವರ್ಷಕ್ಕೊಮ್ಮೆ, ಜುಲೈ ತಿಂಗಳ ಮೊದಲ ವಾರದಲ್ಲಿ, ಡೊಂಬಿವಲಿಯಿಂದ ಕಾಕಾ ಬರುತ್ತಿದ್ದರು. ಇಲಾಖೆಗೆ ಗೊತ್ತಿಲ್ಲದ, ಗೊತ್ತಾಗುವ ಸಂಭವವೂ ಇಲ್ಲದ, ಗೊತ್ತಾದರೆ ಇಲಾಖೆಗೇ ನಾಚಿಕೆಯಾಗುವಂಥ ಉತ್ಪನ್ನಗಳ, ಎಂದರೆ ಆದಾಯಗಳ, ಪಟ್ಟಿಯೊಂದು ಅವರ ಕೈಯಲ್ಲಿರುತ್ತಿತ್ತು.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಧಾರವಾಡದ ಕಡೆಯಿಂದ ಬಂದು ಅಂಬರನಾಥದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ದುಡಿದು ನಿವೃತ್ತರಾದವರು. ಡೊಂಬಿವಲಿ ಪೂರ್ವದಲ್ಲಿ, ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ, ಒಂದು ಹಾಲು, ಒಂದು ರೂಮು, ಒಂದು ಅಡಿಗೆಮನೆ. ಅಲ್ಲಿ ಕಾಕಾ ಮತ್ತು ಅವರ ಹೆಂಡತಿ ಕಾಕು, ಇಬ್ಬರೇ. ಮಕ್ಕಳಿಲ್ಲ. ಸಣ್ಣ ಪಿಂಚಣಿ, ಬ್ಯಾಂಕಿನಲ್ಲಿಟ್ಟ ದುಡ್ಡಿನ ಬಡ್ಡಿ. ಇದಕ್ಕೆ ಬೀಳುವ ಟ್ಯಾಕ್ಸು ಸೊನ್ನೆ. ಸೊನ್ನೆ ಎಂದು ನಾನು ಹೇಳಿದರೆ ಉಳಿದವರು ಕೈಮುಗಿದು ಹೋಗುತ್ತಾರೆ. ಕಾಕಾ ಮುಖ ಸಣ್ಣದು ಮಾಡುತ್ತಿದ್ದರು. "ಇನ್ನೊಮ್ಮೆ ನೋಡ ತಂಗಿ, ಏನರ ಬಿಟ್ಟಿರಬೇಕು ನೀ."

ಒಂದು ವರ್ಷ ಕಾಕು ಕಟ್ಟಡದ ನಾಲ್ಕು ಮನೆಗಳಿಗೆ ಶೇಂಗಾ ಚಟ್ನಿ ಪುಡಿ ಮಾಡಿಕೊಟ್ಟರು. ಕಾಕಾ ಅದನ್ನು ಶೇಂಗಾದ ಖರ್ಚು ಕಳೆದು, ಬೆಳ್ಳುಳ್ಳಿಯ ಖರ್ಚು ಕಳೆದು, ತಮ್ಮ ಉತ್ಪನ್ನದಲ್ಲಿ ಬರೆದುಕೊಂಡು ಬಂದರು. ಸಂಜೆ ಕಾಕುವಿನ ಫೋನು ಬಂತು. "ಏ ತಂಗಿ, ಕೈ ಉರಿಸಿಕೊಂಡು ಕುಟ್ಟಿದಾಕಿ ನಾನು. ನನ್ನ ಗಳಿಕಿ ಇವರ ಫಾರ್ಮಿನಾಗ ಯಾಕ ಹೋತು?" ಪಕ್ಕದಲ್ಲಿದ್ದ ಕಾಕಾ ಅದನ್ನು ಕೇಳಿಸಿಕೊಂಡರು. ಹೆಂಡತಿಯ ಉತ್ಪನ್ನವನ್ನು ತಾನು ನುಂಗಿದೆನೇ ಎಂದು ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ! ಮೂರನೆಯ ದಿನ ಕಾಕುವೇ ಸೋತು, "ಆ ಪುಡಿ ನಾ ನಿಮಗ ದಾನಾ ಕೊಟ್ಟೀನಂತ ತಿಳ್ಕೋರಿ, ಉಣ್ರಿ ಈಗ" ಎಂದು ಬಡಿಸಿದರು. ದಾನಕ್ಕೆ ಟ್ಯಾಕ್ಸ್ ಇದೆಯೇ ಎಂದು ಕೇಳಲು ಕಾಕಾ ಮರುದಿನ ಮತ್ತೆ ನನ್ನ ಆಫೀಸಿಗೆ ಬಂದರು.

ಊರಿನಿಂದ ಜೋಳದ ಚೀಲ ತಂದರೆ ಕಲ್ಯಾಣದಲ್ಲಿ ಇಳಿದು, ಅಲ್ಲಿಂದ ಡೊಂಬಿವಲಿಗೆ ಲೋಕಲ್ ಹಿಡಿಯುವ ಮೊದಲು, ಚೀಲಕ್ಕೂ ಟಿಕೆಟ್ ಕೇಳುತ್ತಿದ್ದರು. ಎರಡು ಸ್ಟೇಷನ್ನಿನ ದಾರಿ! ಹಿಂದಿನ ಸಾಲಿನ ಜನ ಗಾಡಿ ತಪ್ಪಿತೆಂದು ಬೈಯುತ್ತಿದ್ದರೆ ಕಾಕಾ ಅತ್ಯಂತ ಸಮಾಧಾನದಿಂದ ಕಿಟಕಿಯೊಳಗೆ ಚೀಲದ ತೂಕ ಹೇಳುತ್ತಿದ್ದರು. ಇಂಥವರೊಡನೆ ಸಂಸಾರ ಮಾಡುವುದು ಹೇಗೆ ಎಂದು ನಾನೊಮ್ಮೆ ಕಾಕುವನ್ನು ಕೇಳಿದೆ. "ಸುಳ್ಳು ಹೇಳವ್ರ ಜೋಡಿ ಮಾಡೂದು ಇದಕ್ಕಿಂತ ಕಠಿಣ ಅಂತಾರವಾ" ಎಂದರು.

ಇಲ್ಲಿಯವರೆಗೆ ನಕ್ಕದ್ದು ಸಾಕು. ಕಾಕುವಿನ ಎರಡೂ ಕಿಡ್ನಿ ಕೆಟ್ಟವು.

ವಾರಕ್ಕೆ ಮೂರು ಸಲ ಡಯಾಲಿಸಿಸ್. ಕೈಗೆಟುಕುವ ದರದಲ್ಲಿ ಜಾಗ ಸಿಕ್ಕಿದ್ದು ನೆರೂಳದಲ್ಲಿ. ಡೊಂಬಿವಲಿಯಿಂದ ಠಾಣೆ, ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ಇನ್ನೊಂದು ಗಾಡಿ, ಅಲ್ಲಿಂದ ನೆರೂಳ. ಹೋಗುವಾಗ ಹೇಗೋ ಹೋಗುತ್ತಿದ್ದರು. ಬರುವಾಗ ಕಾಕುವಿನಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಮನೆ ಮುಟ್ಟಿದ ಮೇಲೆ ಮೂರು ಮಹಡಿ ಬೇರೆ. ಒಂದು ಸಂಜೆ ಠಾಣೆ ಸೇತುವೆಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಕಾಕಾ ನೀರಿನ ಬಾಟಲಿ ತರಲು ಹೋಗಿ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಕಾಕುವಿನ ಮಡಿಲಿಗೆ ಹತ್ತು ರೂಪಾಯಿಯ ನಾಣ್ಯ ಹಾಕಿ ಹೋಗಿದ್ದರು. ಕಾಕು ಅದನ್ನು ಅಂಗೈಯಲ್ಲಿಟ್ಟು ತೋರಿಸಿ ನಕ್ಕರಂತೆ. "ಇದನ್ನೂ ಫಾರ್ಮಿನಾಗ ಬರೀತೀರೇನ್ರಿ?"

ಕಾಕಾ ನಗಲಿಲ್ಲ. ಡೊಂಬಿವಲಿಯ ಮನೆಯನ್ನು ಬಾಡಿಗೆಗೆ ಕೊಟ್ಟು, ಆಸ್ಪತ್ರೆಯ ಸಮೀಪ ನೆರೂಳದಲ್ಲಿ ಒಂದು ರೂಮು ಹಿಡಿಯುವುದೆಂದು ಅಂದೇ ನಿಶ್ಚಯವಾಯಿತು. ಕಾಕು ಒಂದೇ ಒಂದು ಮಾತು ಕೇಳಿದರು. "ವಾಪಸ್ ಬರ್ತೀವಲ್ಲ?"

"ಬರ್ತೀವಿ" ಎಂದರು ಕಾಕಾ. ಅವರು ಒಂದು ಮಾತು ಹೇಳಿದರೆಂದರೆ ಅದು ಸರ್ಕಾರಿ ಕಾಗದಕ್ಕೆ ಸಮ ಎಂದು ಕಾಕುಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮನೆ ತೋರಿಸಲು ಬಂದ ಏಜೆಂಟನಿಗೆ ಮಾತ್ರ ಗೊತ್ತಿರಲಿಲ್ಲ. ಅವನು ಪ್ರಪಂಚದ ರೀತಿ ಹೇಳಿದ: "ಅಂಕಲ್, ಆಧಾ ಕಾಗಜ್ ಪೇ ದಿಖಾಯೇಂಗೇ, ಆಧಾ ಕ್ಯಾಶ್." ಅರ್ಧ ಬಾಡಿಗೆ ಕರಾರಿನಲ್ಲಿ, ಅರ್ಧ ಕೈಯಲ್ಲಿ. ಕಾಕಾ ಕೇಳಿದರು, "ಕ್ಯೋಂ? ಲೋಗ್ ಆಧೇ ಘರ್ ಮೇ ರಹೇಂಗೇ ಕ್ಯಾ?" ಜನ ಅರ್ಧ ಮನೆಯಲ್ಲಿರುತ್ತಾರೇನು ಎಂಬ ಈ ಪ್ರಶ್ನೆ ಕೇಳಿ ಆ ಏಜೆಂಟ ಕೆಳಗಿಳಿದು ಹೋಗಿ ನನಗೆ ಫೋನು ಮಾಡಿದ. "ಮೇಡಂ, ಅಂಕಲ್ ಕೀ ತಬಿಯತ್ ತೋ ಠೀಕ್ ಹೈ ನಾ?" ತಬಿಯತ್ತು ಕೆಟ್ಟದ್ದು ಆಂಟಿಯದು ಎಂದೆ.

ಮೇ ಹದಿನಾಲ್ಕರಿಂದ ಏಪ್ರಿಲ್ ಹದಿಮೂರರವರೆಗೆ, ಹನ್ನೊಂದು ತಿಂಗಳ ಕರಾರು. ನಮ್ಮ ಕಡೆ ಹನ್ನೊಂದು ತಿಂಗಳೇ ಪದ್ಧತಿ. ಸಾಂಗಲಿಯ ಕಡೆಯ ಹೊಸ ದಂಪತಿಗಳು ಬಂದರು; ಗಂಡನಿಗೆ ಭಿವಂಡಿಯ ಒಂದು ಗೋಡೌನಿನಲ್ಲಿ ಕೆಲಸ. ಹನ್ನೊಂದು ತಿಂಗಳು ಮುಗಿಯುವ ತನಕ ಬಾಡಿಗೆದಾರರು ಬಿಟ್ಟು ಹೋಗಕೂಡದು ಎಂಬ ಷರತ್ತನ್ನು ಏಜೆಂಟ ಬರೆಸಿದ್ದ. ಕಾಕಾ ಪೆನ್ನು ತೆಗೆದು, "ಮಾಲೀಕನೂ ಬಿಡಿಸಕೂಡದು" ಎಂದು ತಾವೇ ಸೇರಿಸಿದರು. ಒಂದೇ ಕಡೆ ಕಟ್ಟಿದ ಗಂಟು ಗಂಟಲ್ಲವಂತೆ!

ಆಮೇಲೆ ಶುರುವಾಯಿತು ಕಾಕಾನ ತೆರಿಗೆ ಯಾತ್ರೆ. ಮೊದಲು ಸೊಸೈಟಿ. ಮಾಲೀಕ ತನ್ನ ಮನೆಯಲ್ಲಿ ತಾನು ವಾಸವಿಲ್ಲದಿದ್ದರೆ ಸೊಸೈಟಿಗೆ ತಿಂಗಳು ತಿಂಗಳು ಒಂದು ಶುಲ್ಕ ಕೊಡಬೇಕು. ಬರಗಾಲದಲ್ಲಿ ಅಧಿಕ ಮಾಸ! ಕಾಕು ಇದನ್ನು ಕೇಳಿ ಹಾಸಿಗೆಯಲ್ಲಿ ಎದ್ದು ಕುಳಿತರು. "ನಾವು ಇಲ್ಲದ್ದಕ್ಕ ರೊಕ್ಕಾ ಕೊಡಬೇಕಾ? ಸತ್ತ ಮ್ಯಾಲೂ ಕೊಡಬೇಕೇನು ಹಂಗಾದ್ರ?" ಆಮೇಲೆ ಪಾಲಿಕೆ. ಬಾಡಿಗೆಗೆ ಕೊಟ್ಟ ಮನೆಗೆ ಮನೆತೆರಿಗೆ ಹೆಚ್ಚು. ಅದನ್ನು ಹೆಚ್ಚಿಸಿರಿ ಎಂದು ತಾವಾಗಿ ಅರ್ಜಿ ಹಿಡಿದು ಹೋದವರು ನಮ್ಮ ಕಾಕಾ. ಕಿಟಕಿಯ ಆಚೆಗಿದ್ದ ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿದ. "ಕಾಕಾ, ಹೇ ಸಾಂಗಾಯಲಾ ಸ್ವತಃ ಆಲಾತ್?" ಇದನ್ನು ಹೇಳಲು ತಾವೇ ಬಂದಿರಾ ಎಂದು ಕೇಳಿ, ಒಳಗೆ ಕರೆದು, ತನ್ನ ಕುರ್ಚಿಯಲ್ಲಿ ಕೂಡಿಸಿ ಚಹಾ ಕೊಟ್ಟನಂತೆ.

ಕೊನೆಗೆ ನನ್ನ ಸರದಿ. ಡೊಂಬಿವಲಿಯಿಂದ ಬರುವ ಬಾಡಿಗೆಯಲ್ಲಿ ನೆರೂಳದಲ್ಲಿ ಕೊಡುವ ಬಾಡಿಗೆಯನ್ನು ಕಳೆದು, ಉಳಿದದ್ದನ್ನು ಉತ್ಪನ್ನ ಎಂದು, ಮುಂದಿನ ವರ್ಷದ ರಿಟರ್ನಿಗಾಗಿ ಈಗಲೇ, ಬರೆದುಕೊಂಡು ಬಂದಿದ್ದರು. ಅದು ನ್ಯಾಯವೇ ಅಲ್ಲವೇ? ಆದರೆ ನ್ಯಾಯ ಬೇರೆ, ಕಾಯ್ದೆ ಬೇರೆ. "ಕಾಕಾ, ಬಂದ ಬಾಡಿಗಿ ನಿಮ್ಮ ಗಳಿಕಿ. ಕೊಟ್ಟ ಬಾಡಿಗಿ ನಿಮ್ಮ ಹಣೇಬರಹ. ಅದರಾಗ ಇದನ್ನ ಕಳೀಲಿಕ್ಕೆ ಬರೂದಿಲ್ಲ" ಎಂದೆ. ತಲೆಯಾಡಿಸಿ ಹೊಡೆದುಹಾಕಿದರು. ಪಾಪ ಎನಿಸಿ, ಒಂದು ಒಳ್ಳೆಯ ಸುದ್ದಿಯನ್ನೂ ಹೇಳಿದೆ. ಬಾಡಿಗೆಯಲ್ಲಿ ನೂರಕ್ಕೆ ಮೂವತ್ತರಷ್ಟನ್ನು ದುರಸ್ತಿಯ ಬಾಬ್ತು ಎಂದು ಸರ್ಕಾರ ತಾನಾಗಿಯೇ ಬಿಟ್ಟುಕೊಡುತ್ತದೆ. ನೀವು ಖರ್ಚು ಮಾಡಿದಿರೋ ಇಲ್ಲವೋ ಎಂದು ಕೇಳುವುದಿಲ್ಲ.

ಹೇಳಬಾರದಿತ್ತು.

"ಖರ್ಚ ಮಾಡಲಾರದ ಹೆಂಗ ಕಳೀಲಿ?" ಎಂದರು ಕಾಕಾ.

"ಕೇಳೂದಿಲ್ಲ ಅಂತ ಹೇಳಿದ್ನಲ್ಲ? ಎಲ್ಲಾರೂ ಹಂಗ ಕಳೀತಾರ. ಕಳದ್ರೂ ಬಿಟ್ರೂ ನಿಮಗ ಟ್ಯಾಕ್ಸ್ ಬೀಳೂದಿಲ್ಲ."

"ಅವರು ಕೇಳೂದಿಲ್ಲ ಅಂದ್ರ ನಾ ಕೇಳ್ಕೋಬಾರ್ದೇನು?"

ಅಂದಿನಿಂದ ಪ್ರತಿ ಭಾನುವಾರ, ಡಯಾಲಿಸಿಸ್ ಇಲ್ಲದ ದಿನ, ನೆರೂಳದಿಂದ ಡೊಂಬಿವಲಿಗೆ ಹೋಗಿ ಸ್ವಂತ ಮನೆಯ ಗಂಟೆ ಒತ್ತಿ, "ಏನಾದರೂ ಕೆಟ್ಟಿದೆಯೇ?" ಎಂದು ಕೇಳತೊಡಗಿದರು. ಮೊದಲ ವಾರ ನಲ್ಲಿ ಸೋರುತ್ತಿತ್ತು, ಹಾಕಿಸಿದರು. ಎರಡನೆಯ ವಾರ ಕಿಟಕಿಯ ಕೊಂಡಿ. ಆಮೇಲೆ ಕೆಡಲು ಏನೂ ಉಳಿಯಲಿಲ್ಲ. ಮನೆಮಾಲೀಕನನ್ನು ಹುಡುಕಿ ಹುಡುಕಿ ಬಾಡಿಗೆದಾರರ ಚಪ್ಪಲಿ ಸವೆಯುವುದು ಲೋಕದ ರೂಢಿ. ಇಲ್ಲಿ ಬಾಡಿಗೆಯವನ ಹೆಂಡತಿ, ಆ ಹುಡುಗಿ, ನನಗೆ ಗುಟ್ಟಾಗಿ ಫೋನು ಮಾಡಿದಳು. "ತಾಈ, ಕಾಕಾ ಪರತ್ ಆಲೇತ್. ಕಾಹೀಚ್ ಮೋಡಲಂ ನಾಹೀ, ಆತಾ ಕಾಯ್ ಸಾಂಗೂ?" ಕಾಕಾ ಮತ್ತೆ ಬಂದಿದ್ದಾರೆ, ಏನೂ ಮುರಿದಿಲ್ಲ, ಏನೆಂದು ಹೇಳಲಿ ಎಂದು ಅವಳ ಸಂಕಟ.

"ಏನಾದರೂ ಒಂದನ್ನು ಮುರಿ" ಎಂದೆ.

ನಗುತ್ತಲೇ ಹೇಳಿದೆ, ಆದರೆ ಒಳಗೆ ಸಿಟ್ಟಿತ್ತು. ಔಷಧಿಗೆ ದುಡ್ಡು ಸಾಲದೆ ಬ್ಯಾಂಕಿನ ಠೇವಣಿ ಒಂದೊಂದಾಗಿ ಮುರಿಯುತ್ತಿದ್ದ ಮನುಷ್ಯ, ರೂಪಾಯಿಯಲ್ಲಿ ಯಾರೂ ಲೆಕ್ಕ ಕೇಳದ ಮೂವತ್ತು ಪೈಸೆಗೆ ಗಾರೆಯವನನ್ನು ಹುಡುಕಿಕೊಂಡು ಅಲೆಯುವುದೆಂದರೇನು! ಹುಟ್ಟುಗುಣ ಸುಟ್ಟರೂ ಹೋಗದು ಎಂದು ಬೈದುಕೊಂಡೆ.

ಡಿಸೆಂಬರಿನ ಹೊತ್ತಿಗೆ ಕಾಕುವಿನ ಕಾಲುಗಳು ಬಾತುಕೊಂಡು, ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತು. ನೆರೂಳದ ಆ ರೂಮಿನ ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಕಟ್ಟಡದ ಗೋಡೆ. ನಾನು ಹೋದಾಗಲೆಲ್ಲ ಒಂದೇ ಮಾತು. "ತಂಗಿ, ಇಲ್ಲಿ ಬ್ಯಾಡ. ನಾ ಸಾಯೂದಿದ್ರ ನಮ್ಮ ಮನ್ಯಾಗ ಸಾಯ್ತೀನಿ. ಇವರಿಗೆ ಹೇಳು."

ಹೇಳಿದೆ. ಬಾಡಿಗೆಯವರನ್ನು ಬಿಡಿಸಿರಿ, ಕಾರಣ ಹೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ ಎಂದೆ. ಕಾಕಾ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದರು. "ಆ ಹುಡುಗಿ ಈಗ ಮೂರು ತಿಂಗಳ ಬಸುರಿ. ಎಲ್ಲೆ ಹೋಗ್ತಾರ ಅವರು? ಏಪ್ರಿಲ್ ಹದಿಮೂರರ ತನಕಾ ಅಂತ ನಾ ಬರದು ಕೊಟ್ಟೀನಿ."

"ಕಾಕು ಅಲ್ಲೀತನಕ ಇರ್ತಾರಂತ ಯಾವ ಎಗ್ರಿಮೆಂಟಿನಾಗ ಬರದದ ಕಾಕಾ?"

ಈ ಮಾತು ನನ್ನ ಬಾಯಿಂದ ಬಂತು. ಅದೂ ಕಾಕುವಿನ ಎದುರಿಗೆ. ಇಂದಿಗೂ ನೆನಸಿಕೊಂಡರೆ ನನ್ನ ನಾಲಿಗೆ ಕಡಿದುಕೊಳ್ಳಬೇಕೆನಿಸುತ್ತದೆ. ಕಾಕಾ ಚಷ್ಮಾ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಗ ಹಾಸಿಗೆಯಿಂದ ಕಾಕು ಹೇಳಿದರು. "ಜಗಳಾ ಬ್ಯಾಡ. ಬಸುರಿ ಹೆಂಗಸನ್ನ ಹೊರಗ ಹಾಕಿದ ಮನ್ಯಾಗ ನನಗರ ನಿದ್ದಿ ಬರ್ತದೇನು? ಇರ್ತೀನಿ ಏಪ್ರಿಲ್ ತನಕಾ. ಯಮಾ ಬಂದ್ರ ಹೇಳ್ತೀನಿ, ಇವರು ಹನ್ನೊಂದು ತಿಂಗಳಂತ ಬರದು ಕೊಟ್ಟಾರ, ಆಮ್ಯಾಲ ಬಾರಪಾ ಅಂತ."

ಹೇಳಿದಂತೆ ಇದ್ದರು. ಹೇಗಿದ್ದರು ಎಂದು ಕೇಳಬೇಡಿ. ಜನವರಿಯಲ್ಲಿ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ, ಇನ್ನಿಲ್ಲ ಎನ್ನುವವರೆಗೆ ಹೋಗಿ ತಿರುಗಿ ಬಂದರು. ಕಣ್ಣು ಬಿಟ್ಟೊಡನೆ ಕೇಳುತ್ತಿದ್ದುದು ಇಂದು ತಾರೀಖು ಎಷ್ಟು ಎಂದು. ಮಾರ್ಚಿನ ಕೊನೆಗೆ ಡಾಕ್ಟರು ಕಾಕಾನನ್ನು ಹೊರಗೆ ಕರೆದು, ಇನ್ನು ಮನೆಗೆ ಕರೆದುಕೊಂಡು ಹೋಗುವುದಿದ್ದರೆ ಹೋಗಿ ಎಂದರು. ಆ ಮಾತಿನ ಅರ್ಥ ನಮಗೆಲ್ಲ ಗೊತ್ತು. ಕಾಕಾ ಮಾತ್ರ ಹದಿನಾಲ್ಕಕ್ಕೆ ಹೋಗ್ತೇವೆ ಎಂದು ಉತ್ತರ ಕೊಟ್ಟರು.

ಹದಿಮೂರರಂದು ಆ ದಂಪತಿಗಳು ಮನೆ ಗುಡಿಸಿ, ಒರೆಸಿ, ಬೀಗದ ಕೈ ಕೊಟ್ಟು ಹೋದರು. ಹದಿನಾಲ್ಕರ ಬೆಳಿಗ್ಗೆ ಕಟ್ಟಡದ ನಾಲ್ವರು ಗಂಡಸರು ಕಾಕುವನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ ಮೂರು ಮಹಡಿ ಹೊತ್ತರು. ಪ್ರತಿ ಮಹಡಿಯಲ್ಲಿ ಇಳಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು. "ನಾ ತೂಕ ಇಳಿಸಿಕೊಂಡು ಬಂದೀನಿ ನೋಡ್ರಿ ನಿಮ್ಮ ಸಲುವಾಗಿ" ಎಂದು ಕಾಕು ಅವರಿಗೇ ಸಮಾಧಾನ ಹೇಳಿದರು.

ಒಳಗೆ ಹೋದ ಮೇಲೆ ನನಗೆ ತಿಳಿಯಿತು. ಭಾನುವಾರ ಭಾನುವಾರ ಬಂದು ಕಾಕಾ ಬಚ್ಚಲಮನೆಯ ಹೊಸ್ತಿಲು ಒಡೆದು ಸಪಾಟು ಮಾಡಿಸಿದ್ದರು. ಗೋಡೆಗೆ ಸ್ಟೀಲಿನ ಹಿಡಿಕೆ, ಅದೂ ಗಿಡ್ಡ ಹೆಂಗಸಿನ ಕೈಗೆ ಎಟುಕುವಷ್ಟು ಕೆಳಗೆ. ಕೆಳಗೆ ಕುಳಿತುಕೊಳ್ಳುವ ಕಕ್ಕಸಿನ ಜಾಗದಲ್ಲಿ ಕುರ್ಚಿಯಂಥದ್ದು. ಮಲಗುವ ರೂಮಿನಿಂದ ಅಡಿಗೆಮನೆಯವರೆಗೆ ಗೋಡೆಗುಂಟ ಇನ್ನೊಂದು ಹಿಡಿಕೆ. ಆ ಮೂವತ್ತು ಪೈಸೆ ಹೋದದ್ದು ಇಲ್ಲಿಗೆ! ಕಾಕು ಆ ಹಿಡಿಕೆ ಹಿಡಿದು, ನನ್ನ ತೋಳಿಗೆ ಆತು, ಅಡಿಗೆಮನೆಯವರೆಗೆ ನಡೆದು ಹೋದರು. ನನಗೆ ಕಾಕಾನ ಮುಖ ನೋಡಲು ಧೈರ್ಯವಾಗಲಿಲ್ಲ.

ಒಂಬತ್ತು ದಿನ ಇದ್ದರು. ಡಬ್ಬಿಗಳನ್ನು ಆ ಹುಡುಗಿ ತಪ್ಪು ಜಾಗದಲ್ಲಿಟ್ಟಿದ್ದಾಳೆಂದು ಬೈದು, ಕಾಕಾನ ಕೈಯಿಂದ ಎಲ್ಲ ಮೊದಲಿನಂತೆ ಇಡಿಸಿದರು. ಮೇಲಿನ ಮಹಡಿಯವರನ್ನು ಕರೆಸಿ ಹರಟೆ ಹೊಡೆದರು. ಹತ್ತನೆಯ ದಿನ ಬೆಳಕು ಹರಿಯುವಾಗ ಹೋದರು.

ಇದಾಗಿ ವರ್ಷದ ಮೇಲಾಯಿತು. ನೀವು ನಮ್ಮ ಜೊತೆ ಠಾಣೆಯಲ್ಲಿರಿ, ಮನೆಯನ್ನು ಮತ್ತೆ ಬಾಡಿಗೆಗೆ ಕೊಡೋಣ ಎಂದು ನಾನು ಹೇಳಿದ್ದೇನು ಒಂದು ಸಲವೇ? ಕಾಕಾ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಹೋದ ತಿಂಗಳು, ಜುಲೈ ಮೊದಲ ವಾರ, ತಪ್ಪದೆ ನನ್ನ ಟೇಬಲ್ಲಿಗೆ ಬಂದರು. ಕಾಕು ತೀರಿಕೊಂಡ ವರ್ಷದ ರಿಟರ್ನು. ಏಪ್ರಿಲ್ ಒಂದರಿಂದ ಹದಿಮೂರರವರೆಗಿನ ಬಾಡಿಗೆಯನ್ನು ಬೇರೆ ಚೀಟಿಯಲ್ಲಿ ಬರೆದು ತಂದಿದ್ದರು. ನಾನು ಮನೆಯ ಕಾಲಮ್ಮಿಗೆ ಬಂದು, "ಬಾಡಿಗೆಗೆ ಕೊಟ್ಟದ್ದು" ಎಂಬುದನ್ನು ಒತ್ತಿದೆ.

"ಅದ್ಯಾಕ ಹಂಗ ಒತ್ತಿದಿ? ಆ ವರ್ಷ ನಾವಿದ್ದಿವಿ ಮನ್ಯಾಗ."

"ಕಾಕಾ, ವರ್ಷದಾಗ ಒಂದ ದಿನಾ ಬಾಡಿಗಿ ಕೊಟ್ಟಿದ್ರೂ ಸ್ವಂತ ವಾಸದ ಮನಿ ಅಂತ ತೋರ್ಸಲಿಕ್ಕೆ ಬರೂದಿಲ್ಲ. ಕಾಯ್ದೇನ ಹಂಗದ."

ಕಾಕಾ ಕಾಯ್ದೆಯ ಜೊತೆ ವಾದ ಮಾಡಿದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. "ಹದಿಮೂರ ದಿನಾ ಅವರಿದ್ರು ಅಂತ ಇಡೀ ವರ್ಷ ಬಾಡಿಗಿ ಮನಿ ಅಂತಾರ. ಆಕಿ ಒಂಬತ್ತ ದಿನಾ ಇದ್ಲಲ್ಲ ತಂಗಿ? ಅದಕ್ಕ ಕಿಮ್ಮತ್ತಿಲ್ಲೇನು?"

"ಹೆಂಗ ಬರದ್ರೂ ಟ್ಯಾಕ್ಸ್ ಸೊನ್ನೀನ ಕಾಕಾ."

"ಟ್ಯಾಕ್ಸಿನ ಮಾತ ಅಲ್ಲ ಅದು" ಎಂದರು. ಹೊರಗೆ ಆಫೀಸಿನ ಬಾಗಿಲಲ್ಲಿ ಜನ ಕಾಯುತ್ತಿದ್ದರು. ಆಮೇಲೆ ಅವರೇ ಹೇಳಿದರು, "ಕಾಯ್ದೆ ಅಂದ್ರ ಕಾಯ್ದೆ. ಹಾಕು."

ಪರದೆ ಬಾಡಿಗೆದಾರನ ಹೆಸರು ಕೇಳಿತು. ಕಾಕಾ ಹೇಳಿದರು, ತುಂಬಿದೆ. ಮುಂದಕ್ಕೆ ಒತ್ತಲು ಹೋದಾಗ ಅಂಗಿಯ ಜೇಬಿನಿಂದ ಒಂದು ಕಾ‌ರ್ಡು ತೆಗೆದು ನನ್ನ ಮುಂದಿಟ್ಟರು. ಕಾಕುವಿನ ಪ್ಯಾನ್ ಕಾರ್ಡು.

"ಇದಕ್ಕ ಎಲ್ಲೆದ ಕಾಲಮ್ಮು? ಬಾಡಿಗಿ ಇದ್ದವ್ರ ಹೆಸರು ಕೇಳಿದ್ರು. ಮನಿಯವ್ರ ಹೆಸರು ಕೇಳೂದಿಲ್ಲೇನು?"

ಕೇಳುವುದಿಲ್ಲ. ಹೆಂಡತಿ ಕೊನೆಯ ಒಂಬತ್ತು ದಿನ ತನ್ನ ಮನೆಯಲ್ಲಿದ್ದಳು ಎಂದು ಬರೆಯಲು ಸರ್ಕಾರದ ಯಾವ ಫಾರ್ಮಿನಲ್ಲೂ ಜಾಗವಿಲ್ಲ. ಇಷ್ಟು ವರ್ಷಗಳಲ್ಲಿ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಅಳುವುದಕ್ಕಿಂತ ಸುಳ್ಳು ಹೇಳುವುದು ಸುಲಭವೆನಿಸಿತು.

"ಅದ ಕಾಕಾ, ಇಲ್ಲೇ ಕೆಳಗದ" ಎಂದು, ರಿಟರ್ನಿನ ಪುಟ ಸರಿಸಿ, ಒಂದು ಖಾಲಿ ಹಾಳೆ ತೆರೆದು, ಕಾರ್ಡು ನೋಡುತ್ತ ಕಾಕುವಿನ ಹೆಸರನ್ನು ಬೆರಳಚ್ಚು ಮಾಡತೊಡಗಿದೆ.

ಕಾಕಾ ಪರದೆಯನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ನನ್ನ ಎದುರು ಕುಳಿತು ಒಂದೊಂದು ಕಾಲಮ್ಮನ್ನೂ ಓದಿಸಿಕೊಂಡ ಮನುಷ್ಯನಿಗೆ ಯಾವುದು ಫಾರ್ಮು, ಯಾವುದು ಖಾಲಿ ಹಾಳೆ ಎಂದು ತಿಳಿಯದೇ? ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಚಷ್ಮಾ ಸರಿಮಾಡಿಕೊಂಡು, ಅವರು ಹೇಳಿದ್ದು ಇಷ್ಟೇ.

"ಸಾವಕಾಶ ನೋಡಿ ಬರಿ ತಂಗಿ. ಹೆಸರು ತಪ್ಪಬಾರ್ದು."